ಸೂರ್ಯ ಕಾಯಿಸ್ತಾನೆ, ತೊಳೆಯೋರು ಯಾರು? ಗಂಜಾಂ ಮನೆಯ ಸೋಲಾರ್ ಹೀಟರ್ ಬಗ್ಗೆ ಒಂದು ಪಾಠ

“ಸೋಲಾರ್ ಕೆಟ್ಟೋಗಿದೆ, ನೀರೇ ಕಾಯ್ತಿಲ್ಲ.” ಚಳಿಗಾಲ ಶುರುವಾದರೆ ಸಾಕು, ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿಬರುತ್ತೆ. ಆಮೇಲೆ ನಡೆಯೋದು ಎರಡರಲ್ಲಿ ಒಂದು. ಬಚ್ಚಲುಮನೆಯ ಗೀಸರ್ ಸ್ವಿಚ್ ಹಾಕ್ತಾರೆ, ಇಲ್ಲಾಂದ್ರೆ ಹೊಸ ಸೋಲಾರ್‌ಗೆ ಸಾಲ ಮಾಡ್ತಾರೆ. ಆದರೆ ತುಂಬಾ ಸಲ ಸೋಲಾರ್ ಕೆಟ್ಟಿರೋದೇ ಇಲ್ಲ. ಅದರ ಹೊಟ್ಟೆ ಕಟ್ಟಿಕೊಂಡಿರುತ್ತೆ, ಅಷ್ಟೇ.

ಈ ಪಾಠದಲ್ಲಿ ಮನೆಯ ಸೋಲಾರ್ ವಾಟರ್ ಹೀಟರನ್ನು ತೊಳೆಯೋದು ಹೇಗೆ, ಯಾಕೆ, ಎಲ್ಲಿ ನಾವು ಕೈ ಹಾಕಬಹುದು, ಎಲ್ಲಿ ಹಾಕಬಾರದು ಅಂತ ನೋಡೋಣ. ಉದಾಹರಣೆಗೆ ಶ್ರೀರಂಗಪಟ್ಟಣದ ಗಂಜಾಂ ತಗೊಂಡಿದ್ದೇವೆ. ನಮ್ಮ ಗುಂಪಿನ ಒಬ್ಬನ ಅಜ್ಜಿ ಮನೆ ಅಲ್ಲೇ ಇದೆ, ನಾವು ಕೆಲಸ ಮಾಡಿ ನೋಡಿದ್ದೂ ಅಲ್ಲೇ. ಮೆಕ್ಯಾನಿಕಲ್‌ನವರಿಗೆ ಇದು ಥರ್ಮೋಡೈನಮಿಕ್ಸ್ ಮತ್ತು ಫ್ಲೂಯಿಡ್ ಮೆಕ್ಯಾನಿಕ್ಸ್. ಮಿಕ್ಕವರಿಗೆ ಮನೆಯ ಕೆಲಸ. ಇಬ್ಬರಿಗೂ ಅರ್ಥ ಆಗೋ ಹಾಗೆ ಬರೆಯೋಕೆ ಪ್ರಯತ್ನ ಮಾಡಿದ್ದೇವೆ.

1. ನೀರು ತಾನಾಗೇ ಹೇಗೆ ಮೇಲೆ ಹೋಗುತ್ತೆ?

ಮನೆಯ ಸೋಲಾರ್ ಹೀಟರ್‌ನಲ್ಲಿ ಸಾಮಾನ್ಯವಾಗಿ ಪಂಪ್ ಇರಲ್ಲ. ಕೆಳಗೆ ಬಿಸಿಲು ಹಿಡಿಯುವ ಕಲೆಕ್ಟರ್, ಮೇಲೆ ಟ್ಯಾಂಕ್. ಕಲೆಕ್ಟರ್‌ನಲ್ಲಿ ಕಾದ ನೀರು ಹಗುರಾಗಿ ಮೇಲೇರುತ್ತೆ, ಟ್ಯಾಂಕಿನ ತಳದ ತಣ್ಣೀರು ಭಾರವಾಗಿ ಕೆಳಗಿಳಿಯುತ್ತೆ. ಇದಕ್ಕೆ ಥರ್ಮೋಸೈಫನ್ ಅಂತಾರೆ. ಗಂಜಾಂ ಇರೋದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದ್ದರಿಂದ ಇಲ್ಲಿನ ಕಲೆಕ್ಟರ್‌ಗಳೆಲ್ಲ ದಕ್ಷಿಣಕ್ಕೆ ಮುಖ ಮಾಡಿ, ಸ್ವಲ್ಪ ಓರೆಯಾಗಿ ಕೂತಿರುತ್ತವೆ.

ಕಲೆಕ್ಟರ್‌ನಲ್ಲಿ ಎರಡು ಜಾತಿ. ಮೊದಲನೆಯದು ಎಫ್‌ಪಿಸಿ, ಅಂದ್ರೆ ಚಪ್ಪಟೆ ಪೆಟ್ಟಿಗೆ. ಗಾಜಿನ ಕೆಳಗೆ ಕಪ್ಪು ತಗಡು, ಅದಕ್ಕೆ ಅಂಟಿದ ಸಣ್ಣ ತಾಮ್ರದ ಪೈಪುಗಳು. ಇವಕ್ಕೆ ರೈಸರ್ ಅಂತ ಹೆಸರು. ಎರಡನೆಯದು ಇಟಿಸಿ, ಅಂದ್ರೆ ಸಾಲಾಗಿ ಜೋಡಿಸಿದ ಗಾಜಿನ ಟ್ಯೂಬುಗಳು. ಪ್ರತಿ ಟ್ಯೂಬಿಗೂ ಎರಡು ಪದರ ಗಾಜು, ನಡುವೆ ನಿರ್ವಾತ. ಫ್ಲಾಸ್ಕ್ ಇದ್ದ ಹಾಗೆ.

ಪಂಪ್ ಇಲ್ಲದ್ದರಿಂದ ನೀರನ್ನು ತಳ್ಳುವ ಬಲ ತುಂಬಾ ಕಡಿಮೆ. ದಾರಿಯಲ್ಲಿ ಸ್ವಲ್ಪ ಅಡ್ಡಿಯಾದರೂ ಹರಿವು ಸೋತುಹೋಗುತ್ತೆ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

2. ನಮ್ಮದು ಬೇರೆ, ಹೊರದೇಶದ್ದು ಬೇರೆ

ಇಂಗ್ಲೆಂಡ್, ಜರ್ಮನಿಯಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಸೆಂಟ್ರಲ್ ಹೀಟಿಂಗ್ ಇರುತ್ತೆ. ಬಾಯ್ಲರ್‌ನಲ್ಲಿ ಕಾದ ನೀರು ಕೋಣೆ ಕೋಣೆಯ ರೇಡಿಯೇಟರ್‌ಗೆ ಹೋಗಿ, ತಣ್ಣಗಾಗಿ ವಾಪಸ್ ಬರುತ್ತೆ. ವರ್ಷಗಟ್ಟಲೆ ಅದೇ ನೀರು ಸುತ್ತುತ್ತೆ. ಅಲ್ಲಿ ಕಾಟ ಕೊಡೋದು ತುಕ್ಕು. ಕಬ್ಬಿಣದ ರೇಡಿಯೇಟರ್ ಒಳಗಿಂದ ಸವೆದು, ಮ್ಯಾಗ್ನೆಟೈಟ್ ಅನ್ನೋ ಕಪ್ಪು ಕೆಸರು ತಳದಲ್ಲಿ ಕೂರುತ್ತೆ. ಅದನ್ನು ಪಂಪ್ ಇಟ್ಟು ಫ್ಲಶ್ ಮಾಡಿ, ಆಮೇಲೆ ತುಕ್ಕು ತಡೆಯುವ ರಾಸಾಯನಿಕ ಬೆರೆಸ್ತಾರೆ.

ನಮ್ಮ ಸೋಲಾರ್‌ನಲ್ಲಿ ಹಾಗಲ್ಲ. ಕಾದ ನೀರು ಮೈಮೇಲೆ ಸುರಿದುಕೊಂಡು ಬಚ್ಚಲಿಗೆ ಹೋಗುತ್ತೆ, ಟ್ಯಾಂಕಿಗೆ ದಿನಾ ಹೊಸ ನೀರು ಬರುತ್ತೆ. ಹೊಸ ನೀರಿನ ಜತೆ ಹೊಸ ಸುಣ್ಣ, ಹೊಸ ಮಣ್ಣು. ಆದ್ದರಿಂದ ರಾಸಾಯನಿಕ ಬೆರೆಸಿ ಸುಮ್ಮನಿರೋಕೆ ನಮಗೆ ಆಗಲ್ಲ. ಆ ನೀರಲ್ಲೇ ಸ್ನಾನ ಮಾಡಬೇಕಲ್ಲ!

3. ಎರಡು ನೀರು, ಎರಡು ತೊಂದರೆ

ಗಂಜಾಂ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪದ ಪೂರ್ವಕ್ಕಿದೆ. ಸುತ್ತ ನದಿ ಇದ್ದರೂ ಬೋರ್‌ವೆಲ್ ನೀರು ಬಳಸುವ ಮನೆಗಳೂ ಇವೆ. ನದಿ ನೀರು ಸಾಮಾನ್ಯವಾಗಿ ಮೆದು. ಮಳೆಗಾಲದಲ್ಲಿ ಮಾತ್ರ ಅದರಲ್ಲಿ ಸಣ್ಣ ಮಣ್ಣು ಜಾಸ್ತಿ, ಅದು ಟ್ಯಾಂಕಿನ ತಳದಲ್ಲಿ ಕೆಸರಾಗಿ ಕೂರುತ್ತೆ. ಬೋರ್ ನೀರು ಕಲ್ಲಿನ ಸಂದಿಯಲ್ಲಿ ಬಹಳ ಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿಸಿಕೊಂಡು ಬರುತ್ತೆ. ನೋಡೋಕೆ ತಿಳಿ, ಆದರೆ ಗಡಸು. ಜನ ಇದನ್ನೇ ‘ಉಪ್ಪುನೀರು’ ಅಂತಾರೆ.

ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್, ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ಈ ಕಾರ್ಬೊನೇಟ್ ಕರಗಲ್ಲ, ಬಿಳಿ ಪೊರೆಯಾಗಿ ಪೈಪಿಗೆ ಅಂಟುತ್ತೆ. ಸಕ್ಕರೆ ಬಿಸಿನೀರಲ್ಲಿ ಚೆನ್ನಾಗಿ ಕರಗುತ್ತೆ, ಈ ಸುಣ್ಣ ತದ್ವಿರುದ್ಧ. ಬಿಸಿ ಹೆಚ್ಚಾದಷ್ಟೂ ಹೊರಗೆ ಬೀಳುತ್ತೆ. ಅದಕ್ಕೇ ಎಲ್ಲಿ ಅತಿ ಹೆಚ್ಚು ಬಿಸಿಯೋ ಅಲ್ಲೇ ಅತಿ ಹೆಚ್ಚು ಪೊರೆ.

ಇದರಿಂದ ಬರುವ ಮುಖ್ಯ ಪಾಠ: ಫ್ಲಶ್ ಮಾಡೋದು ಬೇರೆ, ಡಿಸ್ಕೇಲ್ ಮಾಡೋದು ಬೇರೆ. ನೀರು ಬಿಟ್ಟು ತೊಳೆದರೆ ಕೆಸರು, ಉದುರಿದ ಚಕ್ಕೆ ಹೋಗುತ್ತೆ. ಅಂಟಿದ ಸುಣ್ಣ ಹೋಗಲ್ಲ, ಅದಕ್ಕೆ ಹುಳಿ ಬೇಕು, ಅಂದ್ರೆ ಆಮ್ಲ.

4. ಲೆಕ್ಕ ಹಾಕಿ ನೋಡೋಣ

ನೀರು ಎಷ್ಟು ಗಡಸು ಅಂತ ತಿಳಿಯೋಕೆ ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್ ಸಾಕು. ಇಡಿಟಿಎ ಟೈಟ್ರೇಶನ್ ನೆನಪಿದೆಯಲ್ಲ? ದ್ರಾಕ್ಷಾರಸದ ಕೆಂಪು ನೀಲಿಗೆ ತಿರುಗೋವರೆಗೂ ಬ್ಯುರೆಟ್ ಹಿಡಿದು ನಿಂತಿದ್ದೆವು. 0.01 ಮೋಲಾರ್ ಇಡಿಟಿಎ 1 ಮಿಲೀಗೆ 1 ಮಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಸಮ. 25 ಮಿಲೀ ನೀರಿಗೆ 7.5 ಮಿಲೀ ಇಡಿಟಿಎ ಹಿಡಿದರೆ ಗಡಸುತನ ಲೀಟರಿಗೆ 300 ಮಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ 200ರ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 600ರ ತನಕ ನಡೆಯುತ್ತೆ. ಅಂದ್ರೆ 300 ಇರುವ ನೀರು ಕುಡಿಯೋಕೆ ಅಪಾಯ ಅಲ್ಲ, ಪೈಪಿಗೆ ಮಾತ್ರ ಕಷ್ಟ.

ದಿನಕ್ಕೆ 200 ಲೀಟರ್ ಬಿಸಿನೀರು ಬಳಸ್ತೀವಿ, ಗಡಸುತನ 300, ಅದರಲ್ಲಿ ಹತ್ತನೇ ಒಂದು ಭಾಗ ಮಾತ್ರ ಒಳಗೆ ಅಂಟುತ್ತೆ ಅಂತ ಇಟ್ಟುಕೊಳ್ಳೋಣ. ದಿನಕ್ಕೆ 6 ಗ್ರಾಂ. ವರ್ಷದಲ್ಲಿ 300 ದಿನ ಬಳಸಿದರೆ 1.8 ಕೆಜಿ. ಎಂಟು ವರ್ಷ ಸುಮ್ಮನೆ ಬಿಟ್ಟರೆ 14 ಕೆಜಿ ದಾಟುತ್ತೆ!

ಈಗ ಎಫ್‌ಪಿಸಿಯ ಒಂದು ರೈಸರ್ ತಗೊಳ್ಳಿ. ಒಳ ವ್ಯಾಸ ಸುಮಾರು 11 ಮಿಮೀ. ಸುತ್ತಲೂ 2 ಮಿಮೀ ಪೊರೆ ಕಟ್ಟಿದರೆ ಉಳಿಯೋದು 7 ಮಿಮೀ. ನಿಧಾನವಾಗಿ ಹರಿಯುವ ನೀರಿಗೆ ಹೇಗನ್–ಪ್ವಾಸಾಯ್ ಸೂತ್ರ ಹೇಳೋದು, ಹರಿವು ವ್ಯಾಸದ ನಾಲ್ಕನೇ ಘಾತಕ್ಕೆ ಅನುಪಾತ ಅಂತ. 7ನ್ನು 11ರಿಂದ ಭಾಗಿಸಿ ನಾಲ್ಕನೇ ಘಾತ ಮಾಡಿ, 0.16 ಬರುತ್ತೆ. ಅಷ್ಟೇ ಒತ್ತಡಕ್ಕೆ ಹರಿವು ಆರನೇ ಒಂದು ಭಾಗ. ಇದರ ಮೇಲೆ, ಸುಣ್ಣದ ಪೊರೆ ತಾಮ್ರದ ಹಾಗೆ ಶಾಖ ದಾಟಿಸಲ್ಲ, ಸುಮಾರು 200 ಪಟ್ಟು ಕಡಿಮೆ.

ದುಡ್ಡಿನ ಲೆಕ್ಕವೂ ಮಾಡೋಣ. 200 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸೋಕೆ ಸುಮಾರು 8 ಯೂನಿಟ್ ಶಕ್ತಿ ಬೇಕು. ಸೋಲಾರ್ ಅರ್ಧಕ್ಕೆ ಕೈಕೊಟ್ಟರೆ ಮಿಕ್ಕ 4 ಯೂನಿಟ್ ಗೀಸರ್ ಕೊಡಬೇಕು, ತಿಂಗಳಿಗೆ 120 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಪೈಪಿನೊಳಗಿನ ಸುಣ್ಣ ಒಂದು ಮನೆಯನ್ನು ಆ ಗೆರೆ ದಾಟಿಸಿಬಿಡಬಹುದು.

5. ಮೊದಲು ರೋಗ ಯಾವುದು ನೋಡಿ

ಅಜ್ಜಿ ಮನೆಗೆ ಬಂದಿದ್ದ ರಿಪೇರಿಯವರು ಮೇಲೆ ಹತ್ತಿ ಐದು ನಿಮಿಷ ನೋಡಿ, “ಇದು ಮುಗೀತು, ಹೊಸದು ಹಾಕ್ಸಿ” ಅಂದಿದ್ದರಂತೆ. ಅಜ್ಜಿಗೆ ಬರೋದು ಪೆನ್ಷನ್ ಒಂದೇ. ಎರಡು ತಿಂಗಳಿಂದ ಹಿತ್ತಲಲ್ಲಿ ಒಲೆ ಹೂಡಿ, ತೆಂಗಿನ ಮಟ್ಟೆ ಉರಿಸಿ ಸ್ನಾನಕ್ಕೆ ನೀರು ಕಾಯಿಸ್ತಿದ್ದರು, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಹೊಗೆ ಕುಡ್ಕೊಂಡು. ಯಾವಾಗ ತೊಳೆಸಿದ್ದು ಅಂತ ಕೇಳಿದ್ದಕ್ಕೆ, “ತೊಳ್ಸೋದಾ? ಎಂಟು ವರ್ಸ ಆಯ್ತು ಕಣಪ್ಪ ಹಾಕ್ಸಿ. ಸೂರ್ಯ ಕಾಯ್ಸೋದಕ್ಕೆ ನಾವೇನ್ ಮಾಡ್ಬೇಕು?” ಅಂದರು.

ಹೊಸದು ಹಾಕ್ಸೋ ಮುಂಚೆ ಈ ನಾಲ್ಕು ಲಕ್ಷಣ ನೋಡಿ.

ನೀರು ಬಿಸಿ ಇದೆ, ಧಾರೆ ಸಣ್ಣ: ಬಿಸಿನೀರಿನ ಪೈಪು ಅಥವಾ ನಲ್ಲಿ ಕಟ್ಟಿದೆ, ಇಲ್ಲವೇ ಪೈಪಲ್ಲಿ ಗಾಳಿ ಸಿಕ್ಕಿಕೊಂಡಿದೆ.

ಧಾರೆ ಸರಿ ಇದೆ, ಬಿಸಿ ಇಲ್ಲ: ಕಲೆಕ್ಟರ್ ಕಡೆ ನೋಡಿ. ಗಾಜಿನ ಮೇಲೆ ಧೂಳು, ಹೊಸದಾಗಿ ಬೆಳೆದ ತೆಂಗಿನ ಮರದ ನೆರಳು, ಕಟ್ಟಿದ ರೈಸರ್, ಅಥವಾ ನಿರ್ವಾತ ಹೋದ ಟ್ಯೂಬು. ಒಳ್ಳೆಯ ಟ್ಯೂಬಿನ ತುದಿ ಕನ್ನಡಿ ಹಾಗೆ ಬೆಳ್ಳಿ ಬಣ್ಣ ಇರುತ್ತೆ. ಗಾಳಿ ಹೊಕ್ಕರೆ ಅದು ಹಾಲಿನ ಹಾಗೆ ಬಿಳುಚಿಕೊಳ್ಳುತ್ತೆ.

ಸಂಜೆ ಬಿಸಿ, ಬೆಳಗ್ಗೆ ತಣ್ಣಗೆ: ಟ್ಯಾಂಕಿನ ಸುತ್ತಲ ಇನ್ಸುಲೇಶನ್ ಒದ್ದೆಯಾಗಿರಬಹುದು, ಇಲ್ಲವೇ ಎಲ್ಲೋ ಬಿಸಿನೀರು ಸೋರುತ್ತಿರಬಹುದು.

ಮೊದಲ ಬಕೆಟ್ ಬಿಸಿ, ಆಮೇಲೆ ಬೆಚ್ಚಗೆ: ಟ್ಯಾಂಕಿನಲ್ಲಿ ಬಿಸಿನೀರೇ ಸ್ವಲ್ಪ ಇದೆ, ಅಥವಾ ಮಿಕ್ಸರ್ ನಲ್ಲಿಯಲ್ಲಿ ತಣ್ಣೀರು ನುಗ್ತಿದೆ.

ಅಜ್ಜಿ ಮನೆಯದು ಗಾಜಿನ ಟ್ಯೂಬಿನ 200 ಲೀಟರ್ ಸಿಸ್ಟಮ್. ಸಣ್ಣ ಧಾರೆ ಮತ್ತು ಒಂದೇ ಬಕೆಟ್ ಬಿಸಿ, ಎರಡೂ ಲಕ್ಷಣ ಇದ್ದವು. ಜತೆಗೆ ಎರಡು ಟ್ಯೂಬಿನ ತುದಿ ಬಿಳುಚಿತ್ತು. ನಲ್ಲಿ ಬಿಚ್ಚಿ ಅದರ ಜಾಲರಿಯಲ್ಲಿದ್ದ ಬಿಳಿ ಚಕ್ಕೆ ಮೇಲೆ ನಿಂಬೆರಸ ಹಿಂಡಿದೆವು. ಬುಸ್ ಅಂತ ನೊರೆ ಬಂತು. ಕಾರ್ಬೊನೇಟ್ ಅಂತ ಖಾತ್ರಿ ಆಯ್ತು.

6. ಫ್ಲಶ್ ಮಾಡುವ ಕ್ರಮ

ಇದನ್ನು ಇಬ್ಬರು ದೊಡ್ಡವರು ಸೇರಿ ಮಾಡಬಹುದು. ತಾರಸಿಗೆ ಗಟ್ಟಿಯಾದ ಏಣಿ ಇರಬೇಕು.

ಒಂದು. ಹಿಂದಿನ ಸಂಜೆ ಸೂರ್ಯ ಮುಳುಗಿದ ಮೇಲೆ ಕಲೆಕ್ಟರ್ ಮೇಲೆ ಟಾರ್ಪಾಲು ಅಥವಾ ಗೋಣಿತಟ್ಟು ಹೊದಿಸಿ ಕಟ್ಟಿ. ಇದ್ದ ಬಿಸಿನೀರನ್ನು ಬಳಸಿಬಿಡಿ. ಕೆಲಸ ಶುರುವಾಗಬೇಕಾದ್ದು ಬೆಳಗಿನ ಜಾವ. ಮಧ್ಯಾಹ್ನದ ಬಿಸಿಲಿಗೆ ಕಾದ ಖಾಲಿ ಗಾಜಿನ ಟ್ಯೂಬಿಗೆ ತಣ್ಣೀರು ಬಿಟ್ಟರೆ ಅದು ಸಿಡಿಯುತ್ತೆ.

ಎರಡು. ಸೋಲಾರ್ ಟ್ಯಾಂಕಿನಲ್ಲಿ ಕರೆಂಟ್ ಕಾಯಿಲ್ ಇದ್ದರೆ ಅದರ ಎಂಸಿಬಿ ಇಳಿಸಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ನೀರಿಲ್ಲದೆ ಕಾಯಿಲ್ ಕಾದರೆ ಸುಟ್ಟೇಹೋಗುತ್ತೆ.

ಮೂರು. ಮನೆಯ ಓವರ್‌ಹೆಡ್ ಟ್ಯಾಂಕನ್ನು ಮೊದಲು ತೊಳೆಯಿರಿ. ಅಲ್ಲಿನ ಕೆಸರೇ ಸೋಲಾರ್‌ಗೆ ಇಳಿಯೋದು.

ನಾಲ್ಕು. ತಣ್ಣೀರು ಬರುವ ಗೇಟ್ ವಾಲ್ವ್ ಮುಚ್ಚಿ. ಟ್ಯಾಂಕಿನ ನೆತ್ತಿಯ ವೆಂಟ್ ಪೈಪು ತೆರೆದಿದೆಯಾ ನೋಡಿ. ಕಣಜದ ಗೂಡು, ಜೇಡರ ಬಲೆ, ಸುಣ್ಣ, ಏನು ಬೇಕಾದರೂ ಅದರ ಬಾಯಿ ಮುಚ್ಚಿರಬಹುದು. ಈ ಹೆಜ್ಜೆ ಬಿಡಲೇಬೇಡಿ. ವೆಂಟ್ ಮುಚ್ಚಿದ್ದರೆ ಬಿಸಿಲಲ್ಲಿ ಒತ್ತಡ ಏರುತ್ತೆ, ಖಾಲಿ ಮಾಡುವಾಗ ಗಾಳಿ ಒಳಗೆ ಬರದೆ ತೆಳು ತಗಡಿನ ಟ್ಯಾಂಕ್ ಒಳಕ್ಕೆ ಕುಗ್ಗುತ್ತೆ.

ಐದು. ಡ್ರೈನ್ ವಾಲ್ವಿಗೆ ಪೈಪ್ ಸಿಕ್ಕಿಸಿ, ನಿಧಾನವಾಗಿ ತೆರೆಯಿರಿ. ನೀರು ಇನ್ನೂ ಸುಡಬಹುದು, ಮಕ್ಕಳನ್ನು ದೂರ ಇಡಿ. ಮೊದಲ ಬಕೆಟ್ ಹಿಡಿದು ನೋಡಿ. ಕಂದು ಬಣ್ಣ ಇದ್ದರೆ ಮಣ್ಣು ಅಥವಾ ತುಕ್ಕು, ಬಿಳಿ ಹರಳು ಇದ್ದರೆ ಸುಣ್ಣ.

ಆರು. ಅರ್ಧ ಖಾಲಿಯಾದ ಮೇಲೆ ಡ್ರೈನ್ ತೆರೆದೇ ಇಟ್ಟು ತಣ್ಣೀರು ವಾಲ್ವನ್ನು ಒಮ್ಮೆ ಪೂರ್ತಿ ತೆರೆಯಿರಿ, ಮುಚ್ಚಿ, ಮತ್ತೆ ತೆರೆಯಿರಿ. ನೀರಿನ ರಭಸಕ್ಕೆ ತಳದ ಕೆಸರು ಕದಡಿ ಹೊರಗೆ ಬರುತ್ತೆ. ತಿಳಿನೀರು ಬರೋವರೆಗೂ ಮಾಡಿ. ಎಫ್‌ಪಿಸಿ ಆದರೆ ಕಲೆಕ್ಟರ್‌ನ ಕೆಳಮೂಲೆಯ ಪ್ಲಗ್ ಕೂಡ ಬಿಚ್ಚಿ ತೊಳೆಯಬೇಕು. ಇಟಿಸಿ ಆದರೆ ಟ್ಯೂಬುಗಳು ಟ್ಯಾಂಕಿಗಿಂತ ಕೆಳಗೆ ಇಳಿಬಿದ್ದಿರೋದರಿಂದ ಅವುಗಳ ನೀರು ಡ್ರೈನಿಂದ ಬರಲ್ಲ. ಅವನ್ನು ಒಂದೊಂದಾಗಿ ತಿರುಗಿಸಿ ಎಳೆದು ತೆಗೆಯಬೇಕು. ಇದು ಅಭ್ಯಾಸ ಇರುವವರ ಕೆಲಸ.

ಏಳು. ಡ್ರೈನ್ ಮುಚ್ಚಿ, ತಣ್ಣೀರು ತುಂಬಿಸಿ. ಬಚ್ಚಲಿನ ಬಿಸಿನೀರಿನ ನಲ್ಲಿ ತೆರೆದಿಡಿ. ಮೊದಲು ಗಾಳಿ, ಆಮೇಲೆ ಬಿಟ್ಟುಬಿಟ್ಟು ನೀರು, ಕೊನೆಗೆ ಒಂದೇ ಸಮ ಧಾರೆ ಬರುತ್ತೆ. ಆಮೇಲಷ್ಟೇ ಟಾರ್ಪಾಲು ತೆಗೆಯಿರಿ, ಎಂಸಿಬಿ ಏರಿಸಿ. ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕೆಲಸ ಮುಗೀತು.

7. ಹುಳಿಯ ಕೆಲಸ

ನಲ್ಲಿ, ಶವರ್ ತಲೆ, ಜಾಲರಿ ಇಂಥ ಸಣ್ಣ ಸಾಮಾನಿಗೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದ್ರೆ ಸಿಟ್ರಿಕ್ ಆಮ್ಲ ಸಾಕು. ಬೆಚ್ಚಗಿನ ನೀರಲ್ಲಿ ಕರಗಿಸಿ ನೆನೆಹಾಕಿ, ಹಳೇ ಬ್ರಷ್ಷಲ್ಲಿ ಉಜ್ಜಿದರೆ ಆಯ್ತು.

ಕಲೆಕ್ಟರ್ ಒಳಗಿನ ಪೊರೆಗೆ ಟೆಕ್ನೀಷಿಯನ್ನರು ಸಾಮಾನ್ಯವಾಗಿ ಸಲ್ಫಾಮಿಕ್ ಆಮ್ಲದ ಪುಡಿ ಬಳಸ್ತಾರೆ. ಅದರಿಂದ ಹುಟ್ಟುವ ಕ್ಯಾಲ್ಸಿಯಂ ಉಪ್ಪು ನೀರಲ್ಲಿ ಚೆನ್ನಾಗಿ ಕರಗುತ್ತೆ. ಸಿಟ್ರಿಕ್‌ನಿಂದ ಬರುವ ಕ್ಯಾಲ್ಸಿಯಂ ಸಿಟ್ರೇಟ್ ಅಷ್ಟು ಕರಗಲ್ಲ, ಹೆಚ್ಚಾದರೆ ಅದೇ ಕೆಸರಾಗುತ್ತೆ. ಒಂದು ಬಕೆಟ್ ದ್ರಾವಣ, ಒಂದು ಸಣ್ಣ ಪಂಪ್ ಇಟ್ಟು ಕಲೆಕ್ಟರ್ ಮೂಲಕ ಕೆಳಗಿಂದ ಮೇಲಕ್ಕೆ ಸುತ್ತಿಸ್ತಾರೆ. ಗುಳ್ಳೆ ನಿಂತಾಗ ಕೆಲಸ ನಿಂತಿತು ಅಂತ ಅರ್ಥ. 100 ಗ್ರಾಂ ಸುಣ್ಣ ಕರಗಿಸೋಕೆ ಸುಮಾರು 194 ಗ್ರಾಂ ಸಲ್ಫಾಮಿಕ್ ಬೇಕು. ನಮ್ಮ ಲೆಕ್ಕದ 1.8 ಕೆಜಿಗೆ 3.5 ಕೆಜಿ. ಎಂಟು ವರ್ಷದ್ದಕ್ಕೆ? ನೀವೇ ಗುಣಿಸಿ. ವರ್ಷ ವರ್ಷ ಮಾಡಿಸೋದೇ ಅಗ್ಗ.

ಈ ಕೆಲಸವನ್ನು ತಿಳಿದವರ ಕೈಲೇ ಮಾಡಿಸಿ, ಆದರೆ ಪಕ್ಕದಲ್ಲಿ ನಿಂತು ನಾಲ್ಕು ವಿಷಯ ನೋಡಿಕೊಳ್ಳಿ. ಹೈಡ್ರೋಕ್ಲೋರಿಕ್ ಆಮ್ಲ ಬಿಡೋಕೆ ಒಪ್ಪಬೇಡಿ, ಅದರ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕಿಗೆ ತೂತು ಕೊರೆಯುತ್ತೆ, ಜಿಐ ಪೈಪಿನ ಸತುವನ್ನು ತಿನ್ನುತ್ತೆ. ಆಮ್ಲದ ಹತ್ತಿರ ಬ್ಲೀಚಿಂಗ್ ಪೌಡರ್ ಬರಲೇಬಾರದು, ಎರಡೂ ಸೇರಿದರೆ ಕ್ಲೋರಿನ್ ವಿಷಗಾಳಿ. ಕೈಗವಸು, ಕನ್ನಡಕ ಇರಲಿ. ಕೊನೆಗೆ ಪಿಎಚ್ ಕಾಗದ ತಟಸ್ಥ ತೋರಿಸೋವರೆಗೂ ತೊಳೆಯಲಿ.

ಉಳಿದ ಆಮ್ಲದ ನೀರನ್ನು ಏನು ಮಾಡಬೇಕು? ಗಂಜಾಂನಲ್ಲಿ ಈ ಪ್ರಶ್ನೆ ಚಿಕ್ಕದಲ್ಲ. ದ್ವೀಪದ ಚರಂಡಿಗೆ ಚೆಲ್ಲಿದ್ದು ಬಹಳ ದೂರ ಹೋಗಬೇಕಾಗಿಲ್ಲ, ಎರಡೂ ಕಡೆ ಹೊಳೆಯೇ ಇದೆ. ಬಕೆಟ್ಟಿಗೆ ಅಡುಗೆ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ, ನೊರೆ ನಿಲ್ಲೋವರೆಗೂ ಕಲಕಿ. ಖರ್ಚಾಗದೆ ಉಳಿದ 1 ಕೆಜಿ ಸಲ್ಫಾಮಿಕ್‌ಗೆ ಸುಮಾರು 870 ಗ್ರಾಂ ಸೋಡಾ ಹಿಡಿಯುತ್ತೆ. ಪಿಎಚ್ ತಟಸ್ಥ ಆದ ಮೇಲಷ್ಟೇ ಹೊರಗೆ ಬಿಡಬೇಕು.

ಅಜ್ಜಿ ಮನೆಯಲ್ಲಿ ಫ್ಲಶ್ ನಾವು ಮಾಡಿದೆವು. ಟ್ಯೂಬು ತೆಗೆದು ಡಿಸ್ಕೇಲ್ ಮಾಡೋಕೆ ಬೇರೊಬ್ಬ ಟೆಕ್ನೀಷಿಯನ್ ಕರೆಸಿದೆವು. ಟ್ಯೂಬಿನ ತಳದಿಂದ ಹಿಡಿಹಿಡಿಯಾಗಿ ಬಿಳಿ ಚಕ್ಕೆ ಬಂತು. ಬಿಳುಚಿದ ಎರಡು ಟ್ಯೂಬು ಮಾತ್ರ ಹೊಸದು ಹಾಕಬೇಕಾಯ್ತು. ಮಾರನೇ ಸಂಜೆ ನಲ್ಲಿ ತಿರುಗಿಸಿದರೆ ಕೈ ಇಡೋಕಾಗದಷ್ಟು ಬಿಸಿ. ಅಜ್ಜಿ ಹಿತ್ತಲಿನ ಒಲೆಯ ಮೂರು ಕಲ್ಲನ್ನು ಎತ್ತಿ ಗೋಡೆ ಪಕ್ಕ ಜೋಡಿಸಿಟ್ಟರು. “ಇರ್ಲಿ, ಬೇಕಾದ್ರೆ ಇರ್ಲಿ” ಅಂದರು. ಎಂಟು ವರ್ಷದ ಮೇಲೆ ಕೈಕೊಟ್ಟ ಯಂತ್ರವನ್ನು ಒಂದೇ ದಿನಕ್ಕೆ ನಂಬಲ್ಲ ಅವರು. ಸರಿಯಾಗೇ ಇದೆ.

8. ಮತ್ತೆ ಕಟ್ಟದಿರೋಕೆ

ಎರಡೂ ನೀರು ಇರುವ ಮನೆಯಲ್ಲಿ ಅತ್ಯಂತ ಅಗ್ಗದ ಉಪಾಯ ಪ್ಲಂಬಿಂಗ್ ಬೇರೆ ಮಾಡೋದು: ನದಿ ನೀರು ಸೋಲಾರ್‌ಗೆ, ಬೋರ್ ನೀರು ಟಾಯ್ಲೆಟ್ಟಿಗೆ, ಅಂಗಳ ತೊಳೆಯೋಕೆ. ಬೋರ್ ಒಂದೇ ಗತಿ ಆದರೆ ಸಾಫ್ಟ್‌ನರ್ ಹಾಕಬಹುದು, ಅದಕ್ಕೆ ಆಗಾಗ ಉಪ್ಪು ತುಂಬಬೇಕು. ಹೊಸದಾಗಿ ಸೋಲಾರ್ ಕೊಳ್ಳುವವರು ಗಡಸು ನೀರಿದ್ದರೆ ಹೀಟ್ ಎಕ್ಸ್‌ಚೇಂಜರ್ ಇರುವ ಎಫ್‌ಪಿಸಿ ಕೇಳಿ. ಅದರಲ್ಲಿ ಕಲೆಕ್ಟರ್ ಒಳಗೆ ಸುತ್ತೋದು ಬೇರೆಯೇ ನೀರು, ಅಲ್ಲಿ ಸುಣ್ಣ ಕಟ್ಟಲ್ಲ. ಬೇಸಿಗೆಯಲ್ಲಿ ಬಿಸಿನೀರು ಬಳಸದಿದ್ದರೆ, ಇಲ್ಲವೇ ಮನೆಗೆ ಬೀಗ ಹಾಕಿ ಹೋಗೋದಾದರೆ ಕಲೆಕ್ಟರ್‌ಗೆ ಹೊದಿಕೆ ಹಾಕಿ. ಟ್ಯಾಂಕಿನಲ್ಲಿ ಮೆಗ್ನೀಷಿಯಂ ಆನೋಡ್ ಕಡ್ಡಿ ಇದ್ದರೆ ಸರ್ವಿಸ್ ಮಾಡಿಸುವಾಗ ತೆಗೆದು ನೋಡಿ. ಟ್ಯಾಂಕಿನ ಬದಲು ತಾನು ಸವೆಯೋದೇ ಅದರ ಕೆಲಸ, ತೀರಾ ಸವೆದಿದ್ದರೆ ಬದಲಿಸಬೇಕು.

ಹಾಗಾದ್ರೆ ಯಾವಾಗ ತೊಳೆಯೋದು? ನಮ್ಮ ಕಡೆ ಇದಕ್ಕೆ ತಾರೀಕು ಮೊದಲಿಂದ ಇದೆ. ದೀಪಾವಳಿಯ ನೀರು ತುಂಬುವ ಹಬ್ಬ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ತೊಳೆದು, ಹೊಸ ನೀರು ತುಂಬಿ, ಪೂಜೆ ಮಾಡ್ತಾರೆ. ಹುಣಸೆಯಲ್ಲಿರೋದು ಟಾರ್ಟಾರಿಕ್ ಆಮ್ಲ. ಅಂದ್ರೆ ಫ್ಲಶ್, ಡಿಸ್ಕೇಲ್, ರೀಫಿಲ್ ಮೂರೂ ಆ ಹಬ್ಬದಲ್ಲೇ ಇದೆ. ಹಂಡೆ ತಾರಸಿ ಹತ್ತಿದ ಮೇಲೆ ನಾವು ಕೆಳಗೆ ಪೂಜೆ ಮಾತ್ರ ಉಳಿಸಿಕೊಂಡೆವು. ಮಳೆಗಾಲದ ಕೆಸರು ಒಳಗೆ ಕೂತಿರೋದೂ, ಚಳಿಗಾಲ ಮುಂದೆ ಇರೋದೂ ಆ ಹೊತ್ತಿಗೇ. ಹಬ್ಬದ ಹಿಂದಿನ ಭಾನುವಾರ ಬೆಳಗಿನ ಜಾವ ಫ್ಲಶ್, ನೀರು ಗಡಸಿದ್ದರೆ ವರ್ಷಕ್ಕೊಮ್ಮೆ ಡಿಸ್ಕೇಲ್, ಯುಗಾದಿ ಹೊತ್ತಿಗೆ ಇನ್ನೊಂದು ಫ್ಲಶ್. ಇಷ್ಟು ಸಾಕು.

ಈ ಸಲ ರಜೆಗೆ ಊರಿಗೆ ಹೋದಾಗ ಒಂದು ಬಾಟಲಿ ನೀರು ತುಂಬಿಕೊಂಡು ಬನ್ನಿ. ಲ್ಯಾಬಲ್ಲಿ ಟೈಟ್ರೇಟ್ ಮಾಡಿ, ನಾಲ್ಕನೇ ಭಾಗದ ಲೆಕ್ಕದಲ್ಲಿ ನಮ್ಮ 300ರ ಜಾಗದಲ್ಲಿ ನಿಮ್ಮ ಅಂಕಿ ಹಾಕಿ. ನಿಮ್ಮ ಮನೆ ತಾರಸಿ ಮೇಲೆ ವರ್ಷಕ್ಕೆ ಎಷ್ಟು ಕೆಜಿ ಸುಣ್ಣ ಕೂರ್ತಿದೆ ಅಂತ ಗೊತ್ತಾಗುತ್ತೆ.